ಸಿಟ್ಟು ಬಂದದ್ದು ಉಪ್ಪಿಗಲ್ಲ

ಓದುಗ ಸಹೋದರಿಯೊಬ್ಬರ ಪತ್ರ ನನ್ನ ಮುಂದಿದೆ. ಹೆಸರು, ಊರು ಹಾಕಬಾರದೆಂದು ಅವರೇ ಕೇಳಿಕೊಂಡಿದ್ದಾರೆ. ಮನೆಗೆ ನೆಂಟರು ಬಂದಿದ್ದರು. ಬೆಳಿಗ್ಗೆಯಿಂದ ಒಲೆಯ ಮುಂದೆ ನಿಂತು ಅಡುಗೆ ಮಾಡಿ ಬಡಿಸಿದ್ದಾರೆ. ಊಟದ ನಡುವೆ ಅತ್ತೆ, 'ಸಾರಿಗೆ ಉಪ್ಪು ಸ್ವಲ್ಪ ಕಡಿಮೆಯಾಯಿತಲ್ಲ' ಎಂದರು. ಅಷ್ಟೇ ಮಾತು. ಯಾರೋ ಉಪ್ಪು ಕೇಳಿ ಹಾಕಿಕೊಂಡರು, ಊಟ ಮುಂದುವರಿಯಿತು. ಆದರೆ ಈ ಸಹೋದರಿ ಅಡುಗೆ ಕೋಣೆಗೆ ಹೋಗಿ ಪಾತ್ರೆಯ ಮುಚ್ಚಳವನ್ನು ನೆಲಕ್ಕೆ ಕುಕ್ಕಿದರು. ರಾತ್ರಿ ಬಹಳ ಹೊತ್ತು ಅತ್ತರು. ಮರುದಿನ ಐದು ವರ್ಷದ ಮಗ ಹಾಲು ಚೆಲ್ಲಿದ್ದಕ್ಕೆ ಅವನ ಕೆನ್ನೆಗೆ ಬೀಸಿ ಹೊಡೆದರು. ಮಗುವಿನ ಕೆನ್ನೆಯಲ್ಲಿ ಬೆರಳಿನ ಗುರುತು ಮೂಡಿದ್ದನ್ನು ನೋಡಿದ ಮೇಲೆ ಈ ಪತ್ರ ಬರೆದಿದ್ದಾರೆ. 'ನನಗೆ ಸಿಟ್ಟು ಹೆಚ್ಚು. ಸಿಟ್ಟು ಹೋಗಲು ಯಾವ ದುಆ ಓದಬೇಕು, ತಿಳಿಸಿ' ಎಂಬುದು ಅವರ ಪ್ರಶ್ನೆ.

ಸಿಟ್ಟು ಬಂದಾಗ ಅಲ್ಲಾಹನ ಅಭಯ ಯಾಚಿಸಬೇಕು, ನಿಂತಿದ್ದರೆ ಕುಳಿತುಕೊಳ್ಳಬೇಕು, ಆಗಲೂ ಇಳಿಯದಿದ್ದರೆ ಮಲಗಬೇಕು ಎಂದು ಪ್ರವಾದಿ(ಸ) ಕಲಿಸಿಕೊಟ್ಟಿರುವುದು ನಮಗೆಲ್ಲ ಗೊತ್ತಿದೆ. ಪತ್ರ ಬರೆದ ಸಹೋದರಿಗೂ ಗೊತ್ತಿರಬೇಕು. ಹತ್ತಿದ ಬೆಂಕಿಗೆ ಮೊದಲು ನೀರು ಹಾಕುವ ಕೆಲಸವದು, ಅದನ್ನು ಮಾಡಲೇಬೇಕು. ಆದರೆ ಒಂದೇ ಮನೆಗೆ ವಾರಕ್ಕೆ ಮೂರು ಸಲ ಬೆಂಕಿ ಹತ್ತುತ್ತಿದ್ದರೆ ಬರೀ ನೀರಿನ ಕೊಡ ತುಂಬಿಸಿಟ್ಟುಕೊಂಡರೆ ಸಾಕೇ? ವಯರಿಂಗ್ ಎಲ್ಲಿ ಸುಟ್ಟಿದೆ ಎಂದು ನೋಡಬೇಡವೇ? ಈ ತಿಂಗಳು ಆ ವಯರಿಂಗಿನ ವಿಷಯವನ್ನೇ ಮಾತಾಡೋಣ.

ಉಪ್ಪು ಕಡಿಮೆಯಾಯಿತು ಎಂದಾಗ ಮನಸ್ಸಿಗೆ ಸ್ವಲ್ಪ ಚುರುಕ್ಕೆನ್ನುವುದು ಸಹಜ. ಒಂದು ಗಳಿಗೆಯ ಬೇಸರ, ಹೆಚ್ಚೆಂದರೆ ಒಂದು ನಿಟ್ಟುಸಿರು. ರಾತ್ರಿಯ ಅಳುವೂ ಮಗುವಿನ ಕೆನ್ನೆಯ ಏಟೂ ಆ ಮಾತಿನ ಬೆಲೆಯಲ್ಲ. ಒಂದು ರೂಪಾಯಿಯ ಸಾಮಾನಿಗೆ ನೂರು ರೂಪಾಯಿ ಕೊಟ್ಟು ಬಂದಿದ್ದೇವೆಂದಾದರೆ ಉಳಿದ ತೊಂಬತ್ತೊಂಬತ್ತು ಬೇರಾವುದೋ ಹಳೆಯ ಸಾಲಕ್ಕೆ ಜಮೆಯಾಗಿದೆ ಎಂದರ್ಥ. ನಿಮ್ಮ ಸಿಟ್ಟು ಅಥವಾ ಅಳು ನಡೆದ ಘಟನೆಗಿಂತ ತೀರಾ ದೊಡ್ಡದಾಗಿ ಕಂಡಾಗಲೆಲ್ಲ ಆ ಸಾಲ ಯಾವುದೆಂದು ಹುಡುಕಿ ನೋಡಿ.

ಹುಡುಕುವುದು ಹೇಗೆ? ಘಟನೆಗೂ ನಮ್ಮ ಭಾವನೆಗೂ ನಡುವೆ ಒಂದು ವಾಕ್ಯ ಇರುತ್ತದೆ. ಅದೆಷ್ಟು ಬೇಗ ಬಂದು ಹೋಗುತ್ತದೆಂದರೆ ನಮಗೇ ಕೇಳಿಸುವುದಿಲ್ಲ. 1960ರ ದಶಕದಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಆರನ್ ಬೆಕ್ ಎಂಬ ಮನೋವೈದ್ಯರು ತಮ್ಮ ರೋಗಿಗಳ ಮಾತು ಕೇಳುತ್ತಿರುವಾಗ ಇದನ್ನು ಗಮನಿಸಿದರು. ರೋಗಿ ಬಾಯಲ್ಲಿ ಹೇಳುವುದು ಒಂದು, ಅದೇ ಹೊತ್ತಿಗೆ ಅವರ ಒಳಗೆ ತಮ್ಮ ಬಗ್ಗೆಯೇ ಹರಿಯುತ್ತಿರುವ ಮಾತು ಇನ್ನೊಂದು. ತಾನಾಗಿ ಓಡುವ ಯೋಚನೆ ಎಂಬರ್ಥದ ಹೆಸರನ್ನು ಅವರು ಆ ಒಳಮಾತಿಗೆ ಕೊಟ್ಟರು. 2021ರಲ್ಲಿ, ನೂರು ವರ್ಷ ತುಂಬಿದ ಮೇಲೆ ತೀರಿಕೊಂಡ ಈ ವೈದ್ಯರು ಹಾಕಿದ ಅಡಿಪಾಯದ ಮೇಲೆ ಇಂದಿನ ಆಪ್ತ ಸಮಾಲೋಚನೆಯ ಬಹುದೊಡ್ಡ ಭಾಗ ನಿಂತಿದೆ.

ಅತ್ತೆ ಹೇಳಿದ್ದು ಉಪ್ಪು ಕಡಿಮೆ ಎಂದು. ಸೊಸೆಗೆ ಒಳಗೆ ಕೇಳಿಸಿದ್ದು ಏನು? 'ನಾನು ಎಷ್ಟು ಮಾಡಿದರೂ ಇವರಿಗೆ ಸಾಲದು' ಎಂದೇ? 'ನೆಂಟರ ಮುಂದೆ ನನ್ನ ಮಾನ ಹೋಯಿತು' ಎಂದೇ? 'ಇದು ನನ್ನ ಮನೆಯಲ್ಲ, ನಾನಿಲ್ಲಿ ಕೆಲಸದವಳು' ಎಂದೇ? ಮೂರೂ ಬೇರೆ ಬೇರೆ ನೋವು, ಮೂರರ ಮದ್ದೂ ಬೇರೆ. ಪತ್ರ ಓದಿ ನಾನು ಇದೇ ಎಂದು ಹೇಳಿದರೆ ಅದು ಬರೀ ಊಹೆ. ಅವರೇ ಒಂದು ಕಾಗದ ಹಿಡಿದು ಕುಳಿತು, ಆ ಊಟದ ಹೊತ್ತನ್ನು ನೆನಪಿಗೆ ತಂದುಕೊಂಡು, ಮುಚ್ಚಳ ಕುಕ್ಕುವುದಕ್ಕೆ ಸ್ವಲ್ಪ ಮೊದಲು ಮನಸ್ಸಿನಲ್ಲಿ ಬಂದ ವಾಕ್ಯವನ್ನು ಬರೆಯಬೇಕು. ಚೆಂದವಾಗಿ ಬರೆಯಬೇಕೆಂದಿಲ್ಲ. ಬ್ಯಾರಿಯಲ್ಲೋ ಉರ್ದುವಿನಲ್ಲೋ, ಮನಸ್ಸು ಯಾವ ಭಾಷೆಯಲ್ಲಿ ಮಾತಾಡಿತೋ ಅದರಲ್ಲೇ ಬರೆದರೆ ಒಳ್ಳೆಯದು. ಬರೆದಾದ ಮೇಲೆ ಇನ್ನೊಂದು ಪ್ರಶ್ನೆ: ಈ ವಾಕ್ಯವನ್ನು ಇದಕ್ಕೂ ಮುಂಚೆ ನಾನು ಎಲ್ಲಿ ಕೇಳಿದ್ದೇನೆ?

ಈ ಎರಡನೆಯ ಪ್ರಶ್ನೆಯನ್ನು ಕೇಳಿಕೊಂಡ ಎಷ್ಟೋ ಹೆಣ್ಣು ಮಕ್ಕಳು ನೇರವಾಗಿ ತವರಿನ ಅಂಗಳಕ್ಕೆ ಹೋಗಿ ನಿಲ್ಲುತ್ತಾರೆ. ಯಾವುದೋ ಮದುವೆ ಮನೆಯಲ್ಲಿ ಚಿಕ್ಕಮ್ಮನೋ ಮಾಮಿಯೋ, 'ಅಕ್ಕನ ಕೈಗುಣ ಇವಳಿಗಿಲ್ಲ' ಎಂದು ನಗುತ್ತಾ ಹೇಳಿರುತ್ತಾರೆ. ಹೇಳಿದವರು ಅಂದೇ ಮರೆತಿರುತ್ತಾರೆ. ಕೇಳಿದ ಹನ್ನೆರಡರ ಹುಡುಗಿ ಮರೆತಿರುವುದಿಲ್ಲ. ಇಪ್ಪತ್ತು ವರ್ಷದ ನಂತರ ಅತ್ತೆ ಉಪ್ಪಿನ ಮಾತು ತೆಗೆದಾಗ ಅಳುವುದು ಆ ಹುಡುಗಿಯೇ. ಅತ್ತೆಗೆ ಅವಳ ಪರಿಚಯವೇ ಇಲ್ಲ.

ಮದ್ರಸದಲ್ಲಿ ಸೂರಃ ಯೂಸುಫ್ ಪಾಠ ಮಾಡುವಾಗ ಹುಡುಗಿಯೊಬ್ಬಳು ಕೇಳಿದ ಪ್ರಶ್ನೆ ಇಲ್ಲಿ ನೆನಪಾಗುತ್ತದೆ. ಹಝ್ರತ್ ಯಅ್‌ಕೂಬರ(ಅ) ಮಕ್ಕಳು ಈಜಿಪ್ಟಿನಿಂದ ಮರಳುತ್ತಾರೆ. ಕಿರಿಯ ತಮ್ಮನನ್ನು ಅಲ್ಲಿ ಹಿಡಿದಿಟ್ಟುಕೊಂಡಿದ್ದಾರೆಂದು ತಂದೆಗೆ ತಿಳಿಸುತ್ತಾರೆ. ಆ ತಮ್ಮನ ಹೆಸರನ್ನು ಕುರ್‌ಆನ್ ಹೇಳುವುದಿಲ್ಲ, ವ್ಯಾಖ್ಯಾನಕಾರರು ಬಿನ್ಯಾಮೀನ್ ಎನ್ನುತ್ತಾರೆ. ಕಳೆದುಕೊಂಡದ್ದು ಬಿನ್ಯಾಮೀನನನ್ನು. ಆದರೆ ಆ ವೃದ್ಧ ತಂದೆ ಮುಖ ತಿರುಗಿಸಿಕೊಂಡು ಮರುಗುವುದು ಎಷ್ಟೋ ವರ್ಷಗಳ ಹಿಂದೆ ಕಳೆದುಹೋದ ಯೂಸುಫರಿಗಾಗಿ. 'ಉಸ್ತಾದ್, ಈಗ ಹೋದದ್ದು ತಮ್ಮನಲ್ಲವೇ, ಅಣ್ಣನ ಹೆಸರು ಯಾಕೆ ಹೇಳಿದರು?' ಎಂದಳು ಆ ಹುಡುಗಿ. ಹತ್ತು ವರ್ಷದವಳ ಪ್ರಶ್ನೆ, ಆದರೆ ಎಂಥ ಪ್ರಶ್ನೆ! ಹೊಸ ಗಾಯ ಹಳೆಯ ಗಾಯದ ಮೇಲೆಯೇ ಬಿತ್ತು. ಪ್ರವಾದಿಯೊಬ್ಬರ ಹೃದಯದಲ್ಲಿಯೂ ಹೀಗಾಗುತ್ತದೆ ಎಂಬುದನ್ನು ಕುರ್‌ಆನ್ ಮುಚ್ಚಿಡಲಿಲ್ಲ. ಅವರ ದುಃಖವನ್ನು ಅದು ಸಹನೆಯ ಕೊರತೆಯೆಂದು ಹೀಗಳೆಯಲೂ ಇಲ್ಲ. ಅವರು ತಮ್ಮ ಅಳಲನ್ನು ತೋಡಿಕೊಂಡದ್ದು ಅಲ್ಲಾಹನ ಮುಂದೆ ಮಾತ್ರ. ಇನ್ನೊಂದನ್ನೂ ಗಮನಿಸಿ. ತಾವು ಅಳುತ್ತಿರುವುದು ಯಾರಿಗಾಗಿ ಎಂಬುದು ಅವರಿಗೆ ಸ್ಪಷ್ಟವಾಗಿ ಗೊತ್ತಿತ್ತು. ನಮಗೆ ಹೆಚ್ಚಾಗಿ ಅದೇ ಗೊತ್ತಿರುವುದಿಲ್ಲ.

ಇದರಲ್ಲಿ ಶರೀರದ ರಚನೆಯ ಪಾತ್ರವೂ ಇದೆ. ನಮ್ಮ ಮೆದುಳಿನಲ್ಲಿ ಬಾದಾಮಿಯ ಆಕಾರದ ಒಂದು ಸಣ್ಣ ಭಾಗವಿದೆ. ಅಮಿಗ್ಡಲಾ ಎಂಬ ಅದರ ಹೆಸರಿನ ಅರ್ಥವೂ ಬಾದಾಮಿ ಎಂದೇ. ಅಪಾಯದ ವಾಸನೆ ಹಿಡಿದು ಕೂಗೆಬ್ಬಿಸುವುದು ಅದರ ಕೆಲಸ. ನ್ಯೂಯಾರ್ಕಿನ ವಿಜ್ಞಾನಿ ಜೋಸೆಫ್ ಲೆಡೂ ಇಲಿಗಳ ಮೇಲೆ ನಡೆಸಿದ ಪ್ರಯೋಗಗಳಲ್ಲಿ, ಕಿವಿಗೆ ಬಿದ್ದ ಶಬ್ದ ಮೆದುಳಿನ ಯೋಚಿಸುವ ಪದರವನ್ನು ಸುತ್ತಿ ಬರುವ ಮೊದಲೇ ಒಂದು ಅಡ್ಡದಾರಿಯಿಂದ ಈ ಕಾವಲುಗಾರನನ್ನು ತಲುಪಬಲ್ಲದು ಎಂದು ತಿಳಿದುಬಂತು. ಕಾವಲುಗಾರ ಹೊಸ ಮಾತಿನ ಅರ್ಥ ಬಿಡಿಸುತ್ತಾ ಕೂರುವುದಿಲ್ಲ. ಹಿಂದೊಮ್ಮೆ ನೋವು ಕೊಟ್ಟದ್ದನ್ನು ಹೋಲುತ್ತದೆಯೇ ಎಂದಷ್ಟೇ ನೋಡುತ್ತಾನೆ. ಹೋಲಿದರೆ ಎದೆ ಹೊಡೆದುಕೊಳ್ಳುತ್ತದೆ, ಮುಖ ಬಿಸಿಯಾಗುತ್ತದೆ, ಕೈ ಎದ್ದಿರುತ್ತದೆ. ಬುದ್ಧಿ ಬಂದು ಸೇರುವಷ್ಟರಲ್ಲಿ ಮಗುವಿನ ಕೆನ್ನೆ ಕೆಂಪಾಗಿರುತ್ತದೆ. ಕುಳಿತುಕೊಳ್ಳಿ, ಮಲಗಿ ಎಂಬ ಪ್ರವಾದಿವರ್ಯರ(ಸ) ಬೋಧನೆ ಬುದ್ಧಿ ಬಂದು ಸೇರಲು ಬೇಕಾದ ಸಮಯವನ್ನು ನಮಗೆ ದೊರಕಿಸಿಕೊಡುತ್ತದೆ.

ಸಿಟ್ಟಿನ ಕೆಳಗೆ ಬೇರೊಂದು ಭಾವನೆ ಅಡಗಿರುವುದೂ ಉಂಟು. ಇದಕ್ಕೆ ಪ್ರವಾದಿವರ್ಯರ(ಸ) ಮನೆಯಲ್ಲೇ ನಡೆದ ಒಂದು ಘಟನೆಯನ್ನು ಅನಸ್(ರ) ವರದಿ ಮಾಡಿದ್ದಾರೆ, ಬುಖಾರಿಯಲ್ಲಿದೆ. ಪ್ರವಾದಿ(ಸ) ಒಬ್ಬ ಪತ್ನಿಯ ಮನೆಯಲ್ಲಿದ್ದಾಗ ಇನ್ನೊಬ್ಬ ಪತ್ನಿ ಸೇವಕನ ಕೈಯಲ್ಲಿ ಒಂದು ಬಟ್ಟಲು ಊಟ ಕಳುಹಿಸಿದರು. ಮನೆಯಲ್ಲಿದ್ದ ಪತ್ನಿ ಸೇವಕನ ಕೈಗೆ ಹೊಡೆದರು. ಬಟ್ಟಲು ಬಿದ್ದು ಒಡೆಯಿತು. ಮನೆಯಲ್ಲಿ ಅತಿಥಿಗಳಿದ್ದರು. ನಮ್ಮ ಮನೆಗಳಲ್ಲಾಗಿದ್ದರೆ ಎಷ್ಟು ದೊಡ್ಡ ರಾದ್ಧಾಂತವಾಗುತ್ತಿತ್ತು ಎಂದು ಊಹಿಸಿಕೊಳ್ಳಿ. ಪ್ರವಾದಿ(ಸ) ಒಡೆದ ಚೂರುಗಳನ್ನು ತಾವೇ ಹೆಕ್ಕಿ ಒಟ್ಟುಗೂಡಿಸಿದರು, ಚೆಲ್ಲಿದ ಊಟವನ್ನು ಅದರಲ್ಲಿ ಸೇರಿಸಿದರು, ನಿಮ್ಮ ತಾಯಿಗೆ ಮತ್ಸರವಾಯಿತು ಎಂಬರ್ಥದ ಮಾತನ್ನು ಅಲ್ಲಿದ್ದವರಿಗೆ ಹೇಳಿದರು. ಸಿಟ್ಟುಗಾತಿ ಎಂದಾಗಲೀ ಅವಿಧೇಯಳು ಎಂದಾಗಲೀ ಹೇಳಲಿಲ್ಲ. ಒಡೆದ ಬಟ್ಟಲಿನ ಹಿಂದಿದ್ದ ಭಾವನೆಯ ಹೆಸರನ್ನಷ್ಟೇ ಹೇಳಿದರು, ಅದೂ ತಾಯಿ ಎಂಬ ಗೌರವದ ಪದದೊಂದಿಗೆ. ಕೇಳಿದವರಿಗೆ ವಿಷಯ ಅರ್ಥವಾಯಿತು, ಪತ್ನಿಯ ಮಾನವೂ ಉಳಿಯಿತು.

ಘಟನೆ ಅಲ್ಲಿಗೆ ಮುಗಿಯುವುದಿಲ್ಲ. ಈ ಭಾಗವನ್ನು ನಾವು ಭಾಷಣಗಳಲ್ಲಿ ಅಷ್ಟಾಗಿ ಕೇಳುವುದಿಲ್ಲ. ಸೇವಕನನ್ನು ತಡೆದು ನಿಲ್ಲಿಸಿ, ಬಟ್ಟಲು ಒಡೆದವರ ಮನೆಯಿಂದಲೇ ಒಂದು ಗಟ್ಟಿ ಬಟ್ಟಲು ತರಿಸಿ, ಬಟ್ಟಲಿನ ಒಡತಿಗೆ ಅದನ್ನು ಕಳುಹಿಸಿಕೊಟ್ಟರು. ಒಡೆದದ್ದು ಒಡೆದವರ ಮನೆಯಲ್ಲೇ ಉಳಿಯಿತು. ಕಾರಣ ಅರ್ಥವಾಯಿತೆಂದು ನಷ್ಟ ಮನ್ನಾ ಆಗಲಿಲ್ಲ.

ಆದ್ದರಿಂದ ಪತ್ರ ಬರೆದ ಸಹೋದರಿ ತನ್ನ ಅಳುವಿನ ಮೂಲ ಕಂಡುಹಿಡಿಯುವ ಮೊದಲೇ ಮಾಡಬಹುದಾದ ಒಂದು ಕೆಲಸವಿದೆ. ಮಗನನ್ನು ಹತ್ತಿರ ಕೂರಿಸಿಕೊಂಡು, 'ಹಾಲು ಚೆಲ್ಲಿದ್ದು ದೊಡ್ಡ ತಪ್ಪಲ್ಲ, ಉಮ್ಮನಿಗೆ ಬೇರೆ ವಿಷಯಕ್ಕೆ ಬೇಸರವಾಗಿತ್ತು, ನಿನಗೆ ಹೊಡೆಯಬಾರದಿತ್ತು' ಎಂದು ಹೇಳಬೇಕು. ಮಕ್ಕಳ ಮುಂದೆ ಹೀಗೆ ಹೇಳಿದರೆ ತಾಯಿಯ ಸ್ಥಾನಕ್ಕೆ ಕುಂದು ಎಂದು ಕೆಲವರು ಭಾವಿಸುತ್ತಾರೆ. ಇಪ್ಪತ್ತು ವರ್ಷ ಮಕ್ಕಳ ನಡುವೆ ಕಳೆದ ನನಗೆ ಹಾಗೆ ಅನ್ನಿಸಿಲ್ಲ. ಏಟು ಯಾಕೆ ಬಿತ್ತೆಂದು ತಿಳಿಯದ ಮಗು ತಾನೇ ಕೆಟ್ಟವನು ಎಂದುಕೊಳ್ಳುತ್ತದೆ. ಇನ್ನು ಇಪ್ಪತ್ತೈದು ವರ್ಷದ ನಂತರ ಅವನ ಪತ್ನಿ ಒಂದು ಲೋಟ ಹಾಲು ಚೆಲ್ಲಿದಾಗ ಈ ಕೆನ್ನೆ ಮತ್ತೆ ಉರಿಯಬಾರದಲ್ಲವೇ?

ಮತ್ಸರ ಮಾತ್ರವಲ್ಲ, ಸಿಟ್ಟಿನ ಅಂಗಿ ತೊಟ್ಟುಕೊಂಡು ಬರುವ ಭಾವನೆಗಳು ಇನ್ನೂ ಇವೆ. ಸಂಜೆ ಮಗ್ರಿಬ್ ಕಳೆದರೂ ಮನೆಗೆ ಬಾರದ ಮಗಳು ಏಳೂವರೆಗೆ ಬಂದಾಗ ತಾಯಿ ಬಾಗಿಲಲ್ಲೇ ಬಾಯಿಗೆ ಬಂದಂತೆ ಬೈಯುತ್ತಾಳೆ. ಅದು ಭಯ. ಮಗಳಿಗೆ ಕೇಳಿಸುವುದು ಮಾತ್ರ ಅಪನಂಬಿಕೆ. ಹತ್ತನೇ ತರಗತಿಯ ಅಂಕಪಟ್ಟಿ ಬಂದ ದಿನ ತಂದೆ ಮಾತು ಬಿಡುತ್ತಾರೆ. ಅದರಲ್ಲಿ ಅರ್ಧ ಮಗನ ಭವಿಷ್ಯದ ಚಿಂತೆ, ಇನ್ನರ್ಧ ಮಸೀದಿಯ ಅಂಗಳದಲ್ಲಿ ಯಾರಾದರೂ ಕೇಳಿದರೆ ಏನು ಹೇಳುವುದು ಎಂಬ ನಾಚಿಕೆ. ಸಿಟ್ಟು ತೋರಿಸುವುದು ಸುಲಭ, ಭಯ ತೋರಿಸುವುದು ಕಷ್ಟ. ವಿಶೇಷವಾಗಿ ನಮ್ಮ ಗಂಡಸರಿಗೆ ಸಿಟ್ಟೊಂದನ್ನು ಬಿಟ್ಟು ಬೇರೆ ಯಾವ ಭಾವನೆ ತೋರಿಸಲೂ ನಾವು ಚಿಕ್ಕಂದಿನಲ್ಲಿ ಅನುಮತಿ ಕೊಟ್ಟಿರುವುದಿಲ್ಲ. ಅಳುವ ಹುಡುಗನಿಗೆ 'ಹೆಣ್ಣಿನ ಹಾಗೆ ಅಳಬೇಡ' ಎನ್ನುವವರು ಹೆಚ್ಚಾಗಿ ಹೆಂಗಸರೇ.

ಗಲ್ಫ್‌ನಿಂದ ಪತಿ ರಜೆಯಲ್ಲಿ ಬರುವ ದಿನಗಳನ್ನೇ ತೆಗೆದುಕೊಳ್ಳಿ. ನಮ್ಮ ಕರಾವಳಿಯ ಎಷ್ಟೋ ಮನೆಗಳ ಕಥೆಯಿದು. ಎರಡು ವರ್ಷ ಕಾದದ್ದು ಒಂದು ತಿಂಗಳ ರಜೆಗಾಗಿ. ವಿಮಾನ ನಿಲ್ದಾಣದಲ್ಲಿ ಕಣ್ಣೀರು, ಮನೆಯಲ್ಲಿ ಹಬ್ಬ. ಮೂರನೆಯ ದಿನ ಜಗಳ. ಕಾರಣ ಕೇಳಿದರೆ ನಗು ಬರುತ್ತದೆ: ಗ್ಯಾಸ್ ಸಿಲಿಂಡರ್ ಎಲ್ಲಿಟ್ಟಿದೆ, ಮಗನ ಟ್ಯೂಷನ್ ಯಾಕೆ ಬದಲಾಯಿತು, ಕಪಾಟಿನ ಬೀಗದ ಕೈ ಯಾರ ಬಳಿ ಇದೆ. 'ಇಷ್ಟು ದಿನ ಹೀಗೇನಾ ಮನೆ ನಡೆಸಿದ್ದು?' ಎಂದು ಆತ ಕೇಳುತ್ತಾನೆ. ಆಕೆ ಹೊತ್ತಿ ಉರಿಯುತ್ತಾಳೆ. ಬ್ಯಾಂಕು, ಶಾಲೆ, ಆಸ್ಪತ್ರೆ, ಅತ್ತೆಯ ಸಕ್ಕರೆ ಕಾಯಿಲೆ, ಮಳೆಗಾಲದಲ್ಲಿ ಸೋರುವ ಮಾಡು, ಎಲ್ಲವನ್ನೂ ಒಬ್ಬಳೇ ನೋಡಿಕೊಂಡವಳಿಗೆ ಆ ಒಂದು ಪ್ರಶ್ನೆಯಲ್ಲಿ ಎರಡು ವರ್ಷದ ದುಡಿಮೆ ಅಳಿಸಿ ಹೋದಂತೆ ಕಾಣುತ್ತದೆ. ಯಾರ ಕಣ್ಣಿಗೂ ಬೀಳದ ದುಡಿಮೆಯ ನೋವು ಅವಳದ್ದು.

ಅವನದ್ದೇನು? ತಾನೇ ಕಳುಹಿಸಿದ ಹಣದಲ್ಲಿ ಕಟ್ಟಿದ ಮನೆಯಲ್ಲಿ ಸ್ವಿಚ್ಚು ಯಾವುದು ಎಲ್ಲಿದೆ ಎಂದು ಅವನಿಗೆ ಗೊತ್ತಿಲ್ಲ. ರಾತ್ರಿ ಎಚ್ಚರವಾದ ಮಗು ಅವನನ್ನು ನೋಡಿ ಹೆದರಿ ಉಮ್ಮನನ್ನು ಕೂಗುತ್ತದೆ. ಎಲ್ಲವೂ ತಾನಿಲ್ಲದೆ ಸರಾಗವಾಗಿ ನಡೆಯುತ್ತಿದೆ. ತಾನು ಇಲ್ಲಿ ನೆಂಟ ಎಂಬ ಭಾವನೆ ಬಂದಾಗ ಅದನ್ನು ಹೇಳಿಕೊಳ್ಳಲು ಅವನಿಗೆ ಮಾತು ಬರುವುದಿಲ್ಲ, ಯಜಮಾನಿಕೆ ತೋರಿಸಲು ಬರುತ್ತದೆ. ಹೊರಗೆ ಎರಡೂ ಒಂದೇ ರೀತಿಯ ಸಿಟ್ಟು. ಒಳಗೆ ಅವಳಿಗೆ ತಾನು ಎಲ್ಲದಕ್ಕೂ ಬೇಕು, ಆದರೆ ಯಾರಿಗೂ ಕಾಣಿಸುವುದಿಲ್ಲ ಎಂಬ ಕೊರಗು. ಅವನಿಗೆ ತಾನು ಕಾಣಿಸುತ್ತೇನೆ, ಆದರೆ ಯಾರಿಗೂ ಬೇಕಾಗಿಲ್ಲ ಎಂಬ ಕೊರಗು. ಈ ಎರಡು ಮಾತುಗಳು ಪರಸ್ಪರರ ಕಿವಿಗೆ ಬಿದ್ದರೆ ಸಿಲಿಂಡರಿನ ವಿಷಯ ಐದು ನಿಮಿಷದಲ್ಲಿ ಮುಗಿಯುತ್ತದೆ. ಬೀಳದಿದ್ದರೆ ಆ ತಿಂಗಳು ಮುಗಿಯುತ್ತದೆ, ಪೆಟ್ಟಿಗೆ ಕಟ್ಟುವ ದಿನ ಇಬ್ಬರೂ ಅಳುತ್ತಾರೆ, ಮುಂದಿನ ರಜೆಯಲ್ಲಿ ಮತ್ತೆ ಮೂರನೆಯ ದಿನ ಬರುತ್ತದೆ.

ಹಾಗೆಂದು ಪ್ರತಿ ಸಿಡುಕಿಗೂ ಬಾಲ್ಯಕ್ಕೆ ಓಡಬೇಡಿ. ಮೊದಲು ಶರೀರವನ್ನು ವಿಚಾರಿಸಿಕೊಳ್ಳಿ. ರಮಝಾನಿನ ಮೊದಲ ವಾರ ಅಸರ್ ಕಳೆದ ಮೇಲೆ ಮನೆಮನೆಯಲ್ಲೂ ಕೇಳಿಬರುವ ಗದರಿಕೆಯನ್ನು ನಾವು ಉಪವಾಸದ ತಲೆಗೆ ಕಟ್ಟುತ್ತೇವೆ. ಉಪವಾಸ ಪಾಪ ಏನು ಮಾಡಿತು? ದಿನಕ್ಕೆ ಐದು ಚಹಾ ಕುಡಿಯುತ್ತಿದ್ದವರಿಗೆ ಒಮ್ಮೆಗೇ ಅದು ನಿಂತರೆ, ಕೊನೆಯ ಲೋಟದ ನಂತರ 12ರಿಂದ 24 ಗಂಟೆಗಳೊಳಗೆ ತಲೆನೋವು, ಆಯಾಸ, ಸಿಡುಕು ಶುರುವಾಗುತ್ತದೆ. ಇದು ಕೆಫೀನಿನ ಗುಣ. ಶಅಬಾನ್ ತಿಂಗಳ ನಡುವಿನಿಂದಲೇ ದಿನಕ್ಕೊಂದು ಲೋಟದಂತೆ ಕಡಿಮೆ ಮಾಡುತ್ತಾ ಬಂದರೆ ಇಫ್ತಾರಿನ ಅಡುಗೆ ಕೋಣೆಯಲ್ಲಿ ಸೊಸೆಯಂದಿರು ಸುಖವಾಗಿರುತ್ತಾರೆ.

ರಕ್ತಹೀನತೆಯೂ ಹಾಗೆಯೇ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇ. 57 ಮಂದಿಗೆ ರಕ್ತಹೀನತೆಯಿದೆ. ಮೆಟ್ಟಿಲು ಹತ್ತಿದರೆ ಏದುಸಿರು, ಸದಾ ಸುಸ್ತು, ಮಕ್ಕಳ ಸದ್ದು ಕೇಳಿದರೆ ಸಿಡಿಮಿಡಿ. ಇದಕ್ಕೆ ಸ್ವಭಾವ ಎಂದು ಹೆಸರಿಟ್ಟು ಹತ್ತು ವರ್ಷ ಕಳೆದವರಿದ್ದಾರೆ. ಥೈರಾಯ್ಡಿನ ಏರುಪೇರು, ಮುಟ್ಟಿನ ಮೊದಲಿನ ದಿನಗಳು, ಮುಟ್ಟು ನಿಲ್ಲುವ ವಯಸ್ಸು, ಹಸುಗೂಸಿನಿಂದಾಗಿ ಕೆಡುವ ನಿದ್ದೆ, ಇವೆಲ್ಲ ಮನಸ್ಸನ್ನು ಅಲುಗಿಸುತ್ತವೆ. ಹೆರಿಗೆಯ ನಂತರದ ಕೆಲವು ದಿನ ಅಳು ಬರುವುದು ಸಾಮಾನ್ಯ. ಎರಡು ವಾರ ಕಳೆದರೂ ಅಳು ನಿಲ್ಲದಿದ್ದರೆ, ಮಗುವನ್ನು ಎತ್ತಿಕೊಳ್ಳಲೂ ಮನಸ್ಸಾಗದಿದ್ದರೆ ಅದು ಚಿಕಿತ್ಸೆ ಬೇಕಾದ ಕಾಯಿಲೆ. ಅದನ್ನು ಕಣ್ಣು ತಾಗಿದ್ದು ಎಂದು ಹೇಳಿ ನೂಲು ಕಟ್ಟಿಸುತ್ತಾ ತಿಂಗಳು ಕಳೆಯಬೇಡಿ. ಕೇಂದ್ರ ಸರಕಾರ 2022ರ ಅಕ್ಟೋಬರಿನಲ್ಲಿ ಆರಂಭಿಸಿದ ಟೆಲಿ ಮಾನಸ್ ಎಂಬ ಉಚಿತ ದೂರವಾಣಿ ಸೇವೆಯಿದೆ. 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು.

ಮನಸ್ಸಿನ ಮೂಲ ಹುಡುಕುವುದು ಪಾಶ್ಚಾತ್ಯರಿಂದ ಬಂದ ಹೊಸ ಗೀಳು ಎಂದುಕೊಂಡವರಿಗೆ ಇಮಾಮ್ ಗಝ್ಝಾಲಿಯವರ ಬದುಕಿನ ಒಂದು ಘಟ್ಟವನ್ನು ಹೇಳಬೇಕು. 1091ರಲ್ಲಿ ಅವರು ಬಗ್ದಾದಿನ ನಿಝಾಮಿಯ್ಯಾ ವಿದ್ಯಾಲಯದ ಪ್ರಾಧ್ಯಾಪಕರಾದರು. ಮುನ್ನೂರು ವಿದ್ಯಾರ್ಥಿಗಳು, ದರ್ಬಾರಿನಲ್ಲಿ ಗೌರವ, ವಯಸ್ಸು ಇನ್ನೂ ಮೂವತ್ತರ ಆಸುಪಾಸು. 1095ರಲ್ಲಿ ಒಂದು ದಿನ ಪಾಠ ಹೇಳಲು ನಾಲಿಗೆ ಏಳಲಿಲ್ಲ. ಒಂದು ಪದವೂ ಹೊರಡಲಿಲ್ಲ. ಅನ್ನ ನೀರು ಗಂಟಲಿನಲ್ಲಿ ಇಳಿಯದಾಯಿತು. ವೈದ್ಯರು ಪರೀಕ್ಷಿಸಿ, ರೋಗ ಹೃದಯದಲ್ಲಿ ಹುಟ್ಟಿ ಶರೀರಕ್ಕೆ ಇಳಿದಿದೆ, ಮನದ ಚಿಂತೆ ಹೋಗದೆ ಮದ್ದು ನಾಟದು ಎಂದು ಕೈಚೆಲ್ಲಿದರು. ಗಝ್ಝಾಲಿಯವರು ಅದಕ್ಕೂ ಮೊದಲೇ ತಮ್ಮನ್ನು ತಾವು ವಿಚಾರಣೆಗೆ ಒಡ್ಡಿಕೊಂಡಿದ್ದರು. ತಾವು ಪಾಠ ಹೇಳುತ್ತಿರುವುದು ಅಲ್ಲಾಹನ ಸಂಪ್ರೀತಿಗಾಗಿ ಅಲ್ಲ, ಹೆಸರು ಮತ್ತು ಸ್ಥಾನಮಾನಕ್ಕಾಗಿ ಎಂಬ ಉತ್ತರ ಅವರಿಗೆ ಸಿಕ್ಕಿತ್ತು. ಬಿಟ್ಟು ಹೋಗಬೇಕೆಂದು ಒಂದು ದಿನ, ಹೋಗಬಾರದೆಂದು ಇನ್ನೊಂದು ದಿನ, ಹೀಗೆ ಸುಮಾರು ಆರು ತಿಂಗಳು ತೂಗಾಡಿದರು. ಕೊನೆಗೆ ಹುದ್ದೆ ಬಿಟ್ಟು ಬಗ್ದಾದಿನಿಂದ ಹೊರಟೇಬಿಟ್ಟರು. ಇದನ್ನೆಲ್ಲ ಅವರೇ ತಮ್ಮ ಆತ್ಮಕಥನದಲ್ಲಿ ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ. ಮುಂದೆ ಇಹ್ಯಾದಲ್ಲಿ ಸಿಟ್ಟಿನ ಬಗ್ಗೆ ಬರೆಯುವಾಗ ಅವರು ಅದರ ಕಾರಣಗಳನ್ನು ಎಣಿಸುತ್ತಾರೆ: ಅಹಂ, ಸ್ವಪ್ರಶಂಸೆ, ವಾಗ್ವಾದ, ಚುಚ್ಚುಮಾತು, ಧನದಾಹ ಇತ್ಯಾದಿ. ಆ ಪಟ್ಟಿಯಲ್ಲಿ ತಮಾಷೆಯೂ ಇದೆ! ಮನೆಯಲ್ಲಿ ಮಗುವಿನ ಬಣ್ಣವನ್ನೋ ಮೈಕಟ್ಟನ್ನೋ ಹಿಡಿದು ಅಡ್ಡಹೆಸರು ಕರೆದು ನಗುವವರು ಅದನ್ನೊಮ್ಮೆ ಓದಬೇಕು.

ಒಂದು ಎಚ್ಚರಿಕೆಯನ್ನು ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ಎಲ್ಲ ಸಿಟ್ಟಿನ ಬೇರೂ ನಿಮ್ಮೊಳಗೇ ಇರುತ್ತದೆ ಎಂದು ಭಾವಿಸಬೇಡಿ. ಪತಿ ಕೈ ಮಾಡುತ್ತಿದ್ದರೆ, ವರದಕ್ಷಿಣೆಗಾಗಿ ದಿನವೂ ಹಂಗಿಸುತ್ತಿದ್ದರೆ, ಮಹ್ರ್ ಆಗಿ ಬಂದ ನಿಮ್ಮ ಚಿನ್ನವನ್ನು ನಿಮ್ಮನ್ನು ಕೇಳದೆ ಅಡವಿಟ್ಟಿದ್ದರೆ ನಿಮಗೆ ಬರುವ ಸಿಟ್ಟಿಗೆ ಬಾಲ್ಯದ ಗಾಯ ಹುಡುಕಬೇಕಾಗಿಲ್ಲ. ಅದು ಅನ್ಯಾಯಕ್ಕೆ ಬಂದ ಸಿಟ್ಟು, ಅದರ ಬೇರು ಅನ್ಯಾಯ ಮಾಡಿದವರಲ್ಲಿದೆ. 'ನಿನಗೆ ಸಹನೆ ಕಡಿಮೆ, ನಿನ್ನ ಮನಸ್ಸನ್ನು ಸರಿಪಡಿಸಿಕೋ' ಎಂದು ಅಂತಹ ಹೆಣ್ಣಿಗೆ ಉಪದೇಶ ಮಾಡುವವರನ್ನು ನಾನು ಒಪ್ಪುವುದಿಲ್ಲ. ಕೌಟುಂಬಿಕ ದೌರ್ಜನ್ಯದಿಂದ ರಕ್ಷಣೆ ನೀಡುವ 2005ರ ಕಾಯ್ದೆ 2006ರ ಅಕ್ಟೋಬರಿನಿಂದ ಜಾರಿಯಲ್ಲಿದೆ, ಮಹಿಳಾ ಸಹಾಯವಾಣಿ 181 ಇದೆ. ಹಿರಿಯರಲ್ಲಿ ನ್ಯಾಯವಂತರಿದ್ದರೆ ಅವರಿಗೂ ತಿಳಿಸಿ. ಆತ್ಮಶೋಧನೆಯ ಹೆಸರಿನಲ್ಲಿ ಏಟು ತಿನ್ನುತ್ತಾ ಕೂರುವುದು ಸಬ್ರ್ ಅಲ್ಲ.

ಉಳಿದಂತೆ, ನಮ್ಮ ದಿನನಿತ್ಯದ ಸಿಡುಕು, ಮುನಿಸುಗಳಿಗೆ ಬಹಳ ಸಲ ಒಂದು ಸರಿಯಾದ ಹೆಸರು ಸಿಕ್ಕಿದರೂ ಸಾಕು, ಅದರ ಉರಿ ಇಳಿಯುತ್ತದೆ. 2007ರಲ್ಲಿ ಅಮೆರಿಕದ ಲಾಸ್ ಏಂಜಲೀಸಿನಲ್ಲಿ ಮ್ಯಾಥ್ಯೂ ಲೀಬರ್‌ಮನ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನದಲ್ಲಿ, ಸಿಟ್ಟು ಅಥವಾ ಭಯದ ಮುಖಗಳ ಚಿತ್ರ ತೋರಿಸಿ ಮೆದುಳಿನ ಸ್ಕ್ಯಾನ್ ಮಾಡಿದರು. ಆ ಭಾವನೆಗೆ ತಕ್ಕ ಪದವನ್ನು ಆರಿಸಿದಾಗ, ನಾನು ಮೇಲೆ ಹೇಳಿದ ಬಾದಾಮಿ ಕಾವಲುಗಾರನ ಗದ್ದಲ ಕಡಿಮೆಯಾದದ್ದು ಕಂಡುಬಂತು.

ಆದರೆ ನಮ್ಮ ಬಾಯಲ್ಲಿ ಈಗ ಉಳಿದಿರುವ ಪದಗಳೆಷ್ಟು? ನೆರೆಮನೆಯವರು ಮದುವೆಗೆ ಕರೆಯದಿದ್ದರೆ ಬೇಜಾರು. ಯಾರಾದರೂ ತೀರಿಕೊಂಡರೂ ಬೇಜಾರು, ಕರೆಂಟು ಹೋದರೂ ಬೇಜಾರು. ಅದು ಸಾಲದಿದ್ದರೆ ಟೆನ್ಶನ್. ಕನ್ನಡದಲ್ಲಿ ಪದಗಳಿಗೆ ಬರವಿಲ್ಲ. ಮುನಿಸು ಬೇರೆ, ಸಿಟ್ಟು ಬೇರೆ. ಮುನಿಸು ಪ್ರೀತಿಸುವವರ ಮೇಲೆ ಮಾತ್ರ ಬರುತ್ತದೆ, ಯಾರಾದರೂ ಬಂದು ಸಮಾಧಾನಪಡಿಸಲಿ ಎಂದು ಕಾಯುತ್ತಿರುತ್ತದೆ. ಹಝ್ರತ್ ಆಯಿಶಾರಿಗೆ(ರ) ತಮ್ಮ ಮೇಲೆ ಮುನಿಸು ಬಂದದ್ದು ಪ್ರವಾದಿವರ್ಯರಿಗೆ(ಸ) ಅವರು ಆಣೆ ಹಾಕುವ ರೀತಿಯಿಂದಲೇ ತಿಳಿಯುತ್ತಿತ್ತು. ಆ ದಿನಗಳಲ್ಲಿ ಅವರು ಮುಹಮ್ಮದರ ಪ್ರಭು ಎನ್ನುವ ಬದಲು ಇಬ್ರಾಹೀಮರ ಪ್ರಭು ಎನ್ನುತ್ತಿದ್ದರು. ತಾನು ಬಿಟ್ಟುಬಿಡುವುದು ಹೆಸರನ್ನು ಮಾತ್ರ ಎಂದು ಆಯಿಶಾ(ರ) ಉತ್ತರಿಸಿದ್ದಾರೆ. ಇದನ್ನು ಸಿಟ್ಟು ಎಂದು ಕರೆದರೆ ಅದರ ಅರ್ಧ ಸತ್ಯ ಬಿಟ್ಟುಹೋಗುತ್ತದೆ. ಹಾಗೆಯೇ ಅಸೂಯೆ, ಅಳುಕು, ಅವಮಾನ, ಕೀಳರಿಮೆ, ಹತಾಶೆ, ಒಂಟಿತನ, ಪಶ್ಚಾತ್ತಾಪ. ಕೊರಗು ಎಂಬ ಪದವಿದೆ, ಹೊರಗೆ ಬಾರದೆ ಒಳಗೇ ತಿನ್ನುವ ದುಃಖವದು.

ರಾತ್ರಿ ಮಲಗುವ ಮೊದಲು ಮಕ್ಕಳೊಂದಿಗೆ ಇದನ್ನೊಂದು ಆಟದಂತೆ ಆಡಬಹುದು. ಇವತ್ತು ನಿನಗೆ ಏನೇನು ಅನ್ನಿಸಿತು ಎಂದು ಕೇಳಿ. 'ಬೇಜಾರು' ಎಂದು ಹೇಳಿದರೆ ಅಂಕವಿಲ್ಲ, ಬೇರೆ ಪದ ಹುಡುಕಬೇಕು. ನನ್ನ ತರಗತಿಯ ಎಂಟು ವರ್ಷದ ಹುಡುಗನೊಬ್ಬ, 'ಎಲ್ಲರೂ ನಗುವಾಗ ನನಗೆ ಮಾತ್ರ ಯಾಕೆಂದು ಗೊತ್ತಾಗದಿದ್ದಾಗ ಆಗುತ್ತದಲ್ಲ, ಅದು' ಎಂದ. ಅದಕ್ಕೆ ಒಂದೇ ಪದ ನಮಗ್ಯಾರಿಗೂ ಹೊಳೆಯಲಿಲ್ಲ.

ಬ್ಯಾರಿ, ನವಾಯತಿ, ದಖನಿ, ಮಲಯಾಳಂ, ತುಳು, ನಿಮ್ಮ ಮನೆಮಾತು ಯಾವುದೇ ಇರಲಿ, ಅದರಲ್ಲಿ ಇಂತಹ ಭಾವನೆಗಳಿಗೆ ಅಜ್ಜಿಯಂದಿರು ಬಳಸುತ್ತಿದ್ದ ಪದಗಳಿದ್ದರೆ ಪತ್ರಿಕೆಗೆ ಬರೆದು ಕಳುಹಿಸಿ. ಯಾವ ಹೊತ್ತಿನಲ್ಲಿ ಆ ಪದ ಹೇಳುತ್ತಿದ್ದರು ಎಂಬುದನ್ನೂ ಒಂದೆರಡು ಸಾಲಿನಲ್ಲಿ ತಿಳಿಸಿ. ಆ ಹುಡುಗನಿಗೆ ಇನ್ನೂ ಒಂದು ಪದ ಕೊಡಬೇಕಾಗಿದೆ.